ಹಳೆ ಗಡಿಗೆ, ಎರೆ ಮಣ್ಣು

ಬೇಸಿಗೆ ಹತ್ತಿರವಾದಂತೆ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಮನೆಗಳಿಗೆ ಹೊಸ ಗಡಿಗೆ ಬರುತ್ತದೆ, ಹಳೆಯದು ಹಿತ್ತಲು ಸೇರುತ್ತದೆ. ಅದು ಒಡೆದಿರುವುದಿಲ್ಲ. ಬೋರಿನ ನೀರಿನ ಉಪ್ಪು ಮೈಯ ಸಣ್ಣ ರಂಧ್ರಗಳನ್ನು ಮುಚ್ಚಿರುತ್ತದೆ, ಅಷ್ಟೆ. ನೀರು ಜಿನುಗದಿದ್ದರೆ ತಂಪೂ ಇಲ್ಲ. ಕುಡಿಯುವ ನೀರಿಗೆ ಕೆಲಸಕ್ಕೆ ಬಾರದ ಈ ಗಡಿಗೆಯೇ ಗಿಡಕ್ಕೆ ಒಳ್ಳೆಯದು. ನಮ್ಮ ಬಿಸಿಲಿನಲ್ಲಿ ಕುಂಡದ ಮೈಯಿಂದ ತೇವ ಆರುವುದು ಎಷ್ಟು ಕಡಿಮೆಯಾದರೂ ಲಾಭವೇ. ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ, ಮರುದಿನ ತಳಕ್ಕೆ ಮೊಳೆ ಇಟ್ಟು ಮೆಲ್ಲಗೆ ತಟ್ಟುತ್ತ ಹೋದರೆ ತೂತು ಬೀಳುತ್ತದೆ. ನೆನೆಯದ ಗಡಿಗೆ ಬಿರಿಯುವುದೇ ಹೆಚ್ಚು.

ಮನೆಯಲ್ಲೇ ಕುಂಡ ಮಾಡುವುದು ನಮಗೆ ಹೊಸದಲ್ಲ. ನವರಾತ್ರಿಗೆ ಘಟ ಹಾಕುವ ಮನೆಗಳಲ್ಲಿ ಪತ್ರಾವಳಿಯ ಮೇಲೋ ಬುಟ್ಟಿಯಲ್ಲೋ ಹೊಲದ ಮಣ್ಣು ಹರಡಿ, ಕಾಳು ಚೆಲ್ಲಿ, ನೀರು ಚಿಮುಕಿಸಿದರೆ ಹಬ್ಬ ಮುಗಿಯುವುದರೊಳಗೆ ಸಸಿ ಎದ್ದು ನಿಂತಿರುತ್ತದೆ. ಆದರೆ ಒಂಬತ್ತು ದಿನದ ಸಸಿಗೆ ಸಾಕಾದ ಮಣ್ಣು ವರ್ಷವಿಡೀ ಬಾಳಬೇಕಾದ ಗಿಡಕ್ಕೆ ಸಾಲದು. ಕುಂಡ ಎಷ್ಟು ಚೆಂದವಿದ್ದರೂ ಸೋಲುವುದು ಇಲ್ಲಿಯೇ.

ಹೊಲದಲ್ಲಿ ತೊಗರಿಯನ್ನೂ ಹಿಂಗಾರಿ ಬಿಳಿಜೋಳವನ್ನೂ ತನ್ನ ತೇವದಲ್ಲೇ ಸಾಕುವ ಎರೆ ಮಣ್ಣು ಕುಂಡದೊಳಗೆ ಬಂದರೆ ಮೊಂಡ. ನೀರು ಕುಡಿದು ಉಬ್ಬುತ್ತದೆ, ಆರಿದಾಗ ಕುಗ್ಗಿ ಕುಂಡದ ಗೋಡೆ ಬಿಟ್ಟು ಒಳಕ್ಕೆ ಸರಿಯುತ್ತದೆ. ಆಮೇಲೆ ಹಾಕಿದ ನೀರು ಆ ಸಂದಿಯಲ್ಲಿ ಇಳಿದು ತಳದ ತೂತಿನಿಂದ ಹೊರಬೀಳುತ್ತದೆ. ನೋಡಿದವರಿಗೆ ನೀರು ಹೆಚ್ಚಾದಂತೆ ಕಾಣುತ್ತದೆ. ನಡುವಿನ ಗಡ್ಡೆ ಮಾತ್ರ ಒಣಗಿಯೇ ಇರುತ್ತದೆ. ದಿನಾ ನೀರು ಹಾಕಿದರೂ ಗಿಡ ಸತ್ತುಹೋಯಿತು ಎನ್ನುವವರ ಮನೆಯಲ್ಲಿ ಬಹಳ ಸಲ ಆಗಿರುವುದು ಇದೇ. ಎರೆ ಒಂದು ಪಾಲು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಒಂದು ಪಾಲು, ಉಸುಕು ಒಂದು ಪಾಲು ಕಲಸಿದರೆ ಈ ಕಾಟ ತಪ್ಪುತ್ತದೆ. ಭೀಮೆಯ ದಂಡೆಯಲ್ಲಿದ್ದವರಿಗೂ ಈಗ ಒಂದು ಬುಟ್ಟಿ ಉಸುಕು ಸುಲಭಕ್ಕೆ ಸಿಗದು, ಲಾರಿಗಳಿಗೆ ಸಿಕ್ಕಷ್ಟು ಅಂತೂ ಅಲ್ಲ. ಇಲ್ಲದವರು ಹಳೆ ಇಟ್ಟಂಗಿ ಕುಟ್ಟಿ ಸೇರಿಸಬಹುದು, ಮಸಾರಿ ಮಣ್ಣೂ ಆದೀತು.

15 ಕೆ.ಜಿ.ಯ ಎಣ್ಣೆ ಡಬ್ಬಿಯ ಮೇಲ್ಭಾಗ ಕತ್ತರಿಸಿದರೆ ಪುಂಡಿಗೆ ಹೇಳಿ ಮಾಡಿಸಿದ ಆಳ. ಅದರ ತಾಯಿಬೇರು ಕೆಳಗಿಳಿಯಬೇಕು. ಮೆಂತ್ಯೆಗೆ ಅಷ್ಟು ಬೇಡ, ತಳ ಹೋದ ಹಳೆ ಬೋಗುಣಿಯೇ ಸಾಕು. ತಗಡಿನ ಕಷ್ಟವೆಂದರೆ ಕಾವು. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಸೀಮೆ ಇದು. ಅಂಗಳದ ಶಹಾಬಾದ್ ಫರಸಿಯ ಮೇಲೆ ಬರಿಗಾಲಿಡಲು ಆಗದ ಹೊತ್ತಿನಲ್ಲಿ ಡಬ್ಬಿಯೊಳಗಿನ ಬೇರಿನ ಪಾಡೇನು? ಕೆಳಗೆ ಎರಡು ಇಟ್ಟಂಗಿ ಇಟ್ಟು, ಸುತ್ತ ಗೋಣಿಚೀಲ ಬಿಗಿದು, ಅದನ್ನು ತೊಯಿಸುತ್ತಿದ್ದರೆ ಗಿಡ ತಡೆದುಕೊಳ್ಳುತ್ತದೆ. ತೊಗರಿ ಕಟ್ಟಿಗೆಯ ಬುಟ್ಟಿಗೆ ಒಳಗೆ ಸಿಮೆಂಟ್ ಚೀಲ ಹೊದಿಸಿದರೆ ಕುಂಡವಾಗುತ್ತದೆ. ಬಹಳ ದಿನ ಬಾಳದಿದ್ದರೂ ನೋಡಲು ಎಲ್ಲಕ್ಕಿಂತ ಸೊಗಸು. ಬಣ್ಣ, ಚಿತ್ತಾರ ನಿಮ್ಮ ಇಷ್ಟ. ನನಗಂತೂ ಗಡಿಗೆಯ ಬಣ್ಣಕ್ಕಿಂತ ಒಳ್ಳೆಯ ಬಣ್ಣ ಕಂಡಿಲ್ಲ.

ಒಂದು ಡಬ್ಬಿಯ ಬಗ್ಗೆ ಮಾತ್ರ ಕಟ್ಟುನಿಟ್ಟಾಗಿ ಹೇಳಬೇಕು. ಇದು ತೊಗರಿಯ ನಾಡು. ಕಾಯಿಕೊರಕ ಹುಳುವಿಗೆ ಔಷಧ ಹೊಡೆಯದ ಹೊಲ ಅಪರೂಪ. ಖಾಲಿಯಾದ ಔಷಧದ ಡಬ್ಬಿ ಗಟ್ಟಿ, ಹಿಡಿಕೆಯೂ ಇರುತ್ತದೆ, ಹಾಗಾಗಿ ಬದುವಿನಿಂದ ಮನೆಗೆ ಬಂದುಬಿಡುತ್ತದೆ. ಎಷ್ಟು ತೊಳೆದರೂ ಪ್ಲಾಸ್ಟಿಕ್ಕಿಗೆ ಹೀರಿದ ವಿಷ ಪೂರ್ತಿ ಹೋಗುವುದಿಲ್ಲ. ಅದರಲ್ಲಿ ಬೆಳೆದ ಪುಂಡಿ ನಾಳೆ ತಟ್ಟೆಗೇ ಬರುತ್ತದೆ. ಅಂಥ ಡಬ್ಬಿಯನ್ನು ಮತ್ತೆ ಬಳಸಲಾಗದಂತೆ ಒಡೆದು, ಜನವಸತಿಯಿಂದ ದೂರ ಹೂಳಬೇಕೆಂದು 1971ರ ಕೀಟನಾಶಕ ನಿಯಮಗಳೇ ಹೇಳುತ್ತವೆ. ಅದನ್ನು ಮನೆಯೊಳಗೆ ತರಬೇಡಿ, ಹೂವಿನ ಗಿಡಕ್ಕೂ ಬೇಡ.