ನಿಮ್ಮ ಅಡ್ಡಹೆಸರೇನ್ರಿ?

ಗದಗ-ಬೆಟಗೇರಿಯಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಈ ಪ್ರಶ್ನೆ ಹೊಸದಲ್ಲ. ಕೆಲಸ, ಸಂಬಳ, ಮನೆಯಲ್ಲಿ ಎಷ್ಟು ಮಂದಿ ಎಂಬುದೆಲ್ಲ ಆಮೇಲೆ. ಮೊದಲು ‘ನಿಮ್ಮ ಅಡ್ಡಹೆಸರೇನ್ರಿ?’ ಮೈಸೂರು ಕಡೆಯವರಿಗೆ ಅಡ್ಡಹೆಸರೆಂದರೆ ಗೆಳೆಯರು ಚೇಷ್ಟೆಗೆ ಇಟ್ಟದ್ದು. ನಮ್ಮ ಕಡೆ ಅದು ಮನೆತನದ ಹೆಸರು. ‘ಪಾಟೀಲ’ ಎಂದರೆ ಕೇಳಿದವರು ಕುರ್ಚಿ ಎಳೆದು ಕೊಡುತ್ತಾರೆ. ‘ಮೆಣಸಿನಕಾಯಿ’ ಎಂದರೆ ಮುಗುಳ್ನಕ್ಕು, ಒಂದು ಕ್ಷಣ ತಡೆದು, ‘ಅಂದ್ರ ಯಾವ ಪೈಕಿ?’ ಎನ್ನುತ್ತಾರೆ. ‘ಮಾದರ’ ಎಂದರೆ ಎರಡನೆಯ ಪ್ರಶ್ನೆ ಬರುವುದೇ ಇಲ್ಲ. ಮನೆ ನಿನ್ನೆಯೇ ಯಾರಿಗೋ ಮಾತಾಗಿರುತ್ತದೆ.

ಮೂರೂ ಬರೀ ಶಬ್ದಗಳು. ಒಂದು ಹಳ್ಳಿಯ ಅಧಿಕಾರದ ಹೆಸರು, ಒಂದು ಸಂತೆಯ ಸರಕು, ಮತ್ತೊಂದು ಒಂದು ಸಮುದಾಯದ ಹೆಸರು. ಹೊತ್ತವರು ಯಾರೂ ಅವನ್ನು ಆರಿಸಿಕೊಂಡಿಲ್ಲ. ಹಾಗಿದ್ದರೆ ಹೆಸರು ತರುವ ಮಾನಕ್ಕೂ ಅವಮಾನಕ್ಕೂ ಹೊಣೆ ಯಾರು? ಹೊತ್ತವರೋ, ಕೇಳಿದವರೋ?

ಈ ಸೀಮೆಯ ಅಡ್ಡಹೆಸರುಗಳಷ್ಟು ರುಚಿಯಾದ ಪಟ್ಟಿ ಕರ್ನಾಟಕದಲ್ಲಿ ಬೇರೆ ಕಡೆ ಸಿಗುವುದು ಕಷ್ಟ. ಉಳ್ಳಾಗಡ್ಡಿ, ಅಕ್ಕಿ, ಬೆಲ್ಲದ, ಹತ್ತಿ ಎಂದು ಓದುತ್ತ ಹೋದರೆ ಶಾಲೆಯ ಹಾಜರಿ ಪುಸ್ತಕವೋ ಕಿರಾಣಿ ಅಂಗಡಿಯ ಚೀಟಿಯೋ ಎಂದು ಅನುಮಾನ ಬರಬೇಕು. ಬಡಿಗೇರ, ಪತ್ತಾರ, ಹೂಗಾರ, ಕುಂಬಾರ, ನದಾಫ ಇವು ಕಸುಬಿನವು. ಬೆಟಗೇರಿಯ ನೇಕಾರಿಕೆಯ ಮನೆತನಗಳಲ್ಲಿ ಹಬೀಬ ಎಂಬ ಅಡ್ಡಹೆಸರಿನ ಹಿಂದೂಗಳಿದ್ದಾರೆ. ಅರಬ್ಬಿಯಲ್ಲಿ ಅದಕ್ಕೆ ಪ್ರೀತಿಯವನು ಎಂದರ್ಥ. ಪಾಟೀಲರಂತೂ ಲಿಂಗಾಯತರಲ್ಲಿ, ರೆಡ್ಡಿಗಳಲ್ಲಿ, ಮರಾಠರಲ್ಲಿ, ಜೈನರಲ್ಲಿ, ಮುಸ್ಲಿಮರಲ್ಲಿ ಎಲ್ಲ ಕಡೆ ಇದ್ದಾರೆ. ಅದು ಜಾತಿಯನ್ನು ಹೇಳುವುದಿಲ್ಲ, ಒಂದು ಕಾಲದಲ್ಲಿ ಊರಿನ ಲೆಕ್ಕ ಯಾರ ಮಾತಿನಂತೆ ನಡೆಯುತ್ತಿತ್ತು ಎಂಬುದನ್ನು ಹೇಳುತ್ತದೆ. ಮುಂಬೈ ಪ್ರಾಂತದ ದಫ್ತರಗಳ ರೂಢಿಯಂತೆ ಹೆಸರು, ತಂದೆಯ ಹೆಸರು, ಕೊನೆಗೆ ಅಡ್ಡಹೆಸರು ಎಂಬ ಮೂರು ಕೋಣೆಯ ಸಾಲು ನಮ್ಮಲ್ಲಿ ಗಟ್ಟಿಯಾಯಿತು. 1905ರಲ್ಲಿ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದವರ ಪೂರ್ಣ ಹೆಸರು ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲ. ಮಗ, ಅಪ್ಪ, ಗದ್ದುಗೆ, ಮೂರೂ ಒಂದೇ ಸಾಲಿನಲ್ಲಿವೆ. ಅದೇ ಸಾಲಿನಲ್ಲಿ ಹೆಣ್ಣುಮಕ್ಕಳಿಗೆ ಮದುವೆಯಾದ ಮರುದಿನ ಎರಡು ಕೋಣೆ ಬದಲಾಗುತ್ತವೆ. ಅದರ ಕಥೆಯನ್ನು ಬ್ಯಾಂಕಿನ ಕೆ.ವೈ.ಸಿ. ಕೌಂಟರಿನಲ್ಲಿ ನಿಂತವರೇ ಹೇಳಬೇಕು.

ಊರಿನ ಹೆಸರು ಅಡ್ಡಹೆಸರಾಗುವ ಬಗೆ ಇನ್ನೂ ಸೊಗಸು. ಲಕ್ಷ್ಮೇಶ್ವರದಲ್ಲೇ ಇರುವವನನ್ನು ಲಕ್ಷ್ಮೇಶ್ವರ ಎಂದು ಯಾರೂ ಕರೆಯಬೇಕಾಗಿಲ್ಲ. ಊರು ಬಿಟ್ಟ ಮೇಲೆ ಊರು ಬೆನ್ನಿಗೆ ಅಂಟುತ್ತದೆ. ಹುಯಿಲಗೋಳ ನಾರಾಯಣರಾಯರ ಹೆಸರಿನಲ್ಲೂ ಕೀರ್ತಿನಾಥ ಕುರ್ತಕೋಟಿಯವರ ಹೆಸರಿನಲ್ಲೂ ಗದಗ ತಾಲ್ಲೂಕಿನ ಒಂದೊಂದು ಹಳ್ಳಿ ಕೂತಿದೆ. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ಕೊಪ್ಪಳದ ಕೋಟೆಯಲ್ಲಿ ಮಡಿದ ಭೀಮರಾಯರು ನಾಡಗೌಡರು. ಆದರೆ ಜನ ನೆನಪಿಟ್ಟುಕೊಂಡದ್ದು ಮುಂಡರಗಿ ಭೀಮರಾಯ ಎಂದು. ಊರ ಹೆಸರಿಗೆ ಒಂದು ದೊಡ್ಡ ಗುಣವಿದೆ. ಅದನ್ನು ಯಾರು ಬೇಕಾದರೂ ಹೊರಬಹುದು. ಶಿರಹಟ್ಟಿ ಎಂಬ ಅಡ್ಡಹೆಸರು ಕೇಳಿ ಮನೆ ಮಾಲೀಕರಿಗೆ ಏನೂ ಗೊತ್ತಾಗುವುದಿಲ್ಲ. ಅಂಬೇಡ್ಕರರ ಮನೆತನ ಸಕ್ಪಾಲ. ಅಂಬೇಡ್ಕರ್ ಎಂಬ ಹೆಸರು ಬಂದದ್ದು ರತ್ನಾಗಿರಿ ಜಿಲ್ಲೆಯ ಅವರ ಪೂರ್ವಿಕರ ಊರಾದ ಅಂಬಡವೆಯಿಂದ. ಊರ ಹೆಸರು ಒಂದು ನೆರಳು. ಆದರೆ ನೆರಳು ಎಲ್ಲರಿಗೂ ಸಿಕ್ಕಿಲ್ಲ.

ಇಲ್ಲಿ ಇಟಲಿಯನ್ನು ನೆನೆಯುವುದಕ್ಕೆ ಕಾರಣವಿದೆ. ಅಲ್ಲಿಯೂ ಮನೆತನದ ಹೆಸರುಗಳು ಹುಟ್ಟಿದ್ದು ನಮ್ಮ ಹಾಗೆಯೇ, ಊರಿನಿಂದ, ಕಸುಬಿನಿಂದ, ಮೈಬಣ್ಣದಿಂದ, ಅಪ್ಪನ ಹೆಸರಿನಿಂದ. 16ನೇ ಶತಮಾನದಲ್ಲಿ ಚರ್ಚುಗಳು ದೀಕ್ಷಾಸ್ನಾನದ ದಾಖಲೆ ಇಡಲು ತೊಡಗಿದ ಮೇಲೆ ಅವು ಕದಲದಂತೆ ನಿಂತವು. ಅಲ್ಲಿ ಬಹಳ ಬಳಕೆಯಲ್ಲಿರುವ ಹೆಸರುಗಳಲ್ಲಿ ಫೆರಾರಿ ಒಂದು. ಕಬ್ಬಿಣ ಎಂಬ ಮಾತಿನಿಂದ ಬಂದದ್ದು. ಅಂದರೆ ನಮ್ಮ ಕಮ್ಮಾರ. ಕೆಂಪು ಕಾರಿನ ಚಿತ್ರವನ್ನು ಗೋಡೆಗೆ ಅಂಟಿಸಿಕೊಂಡ ನಮ್ಮ ಹುಡುಗರಿಗೆ ತಾವು ಕಮ್ಮಾರರ ಗಾಡಿಗೆ ಆಸೆಪಡುತ್ತಿದ್ದೇವೆ ಎಂದು ಹೇಳಿದರೆ ನಗುತ್ತಾರೆ.

ಇನ್ನೊಂದು ಹೆಸರು ಎಸ್ಪೊಸಿತೊ. ಇದು ನೇಪಲ್ಸ್ ನಗರದ್ದು. ಅಲ್ಲಿನ ಅನುಂಜಿಯಾತಾ ಎಂಬ ಧರ್ಮಸಂಸ್ಥೆಯ ಗೋಡೆಯಲ್ಲಿ ತಿರುಗುವ ಒಂದು ತೊಟ್ಟಿಲಿತ್ತು. ಸಾಕಲಾಗದವರು ರಾತ್ರಿ ಕೂಸನ್ನು ಅದರಲ್ಲಿಟ್ಟು ತಿರುಗಿಸಿದರೆ ಕೂಸು ಒಳಗಾಗುತ್ತಿತ್ತು, ಇಟ್ಟವರ ಮುಖ ಯಾರಿಗೂ ಕಾಣುತ್ತಿರಲಿಲ್ಲ. ಆ ಕೂಸುಗಳಿಗೆ ದಫ್ತರದಲ್ಲಿ ಬರೆದ ಹೆಸರು ಎಸ್ಪೊಸಿತೊ, ಹೊರಗೆ ಇಟ್ಟದ್ದು. ‘ನಿನಗೆ ಅಪ್ಪನಿಲ್ಲ’ ಎಂಬುದನ್ನು ಸಾಯುವತನಕ ಹೆಸರಿನಲ್ಲೇ ಹೊರಬೇಕು. ಆ ತೊಟ್ಟಿಲನ್ನು 1875ರಲ್ಲಿ ಮುಚ್ಚಿದರು. ಇವತ್ತು ಎಸ್ಪೊಸಿತೊ ನೇಪಲ್ಸಿನಲ್ಲಿ ಎಲ್ಲಕ್ಕಿಂತ ಹೆಚ್ಚು ಜನರಿಗಿರುವ ಮನೆತನದ ಹೆಸರು. ವೈದ್ಯರು, ಆಟಗಾರರು, ಅಂಗಡಿಕಾರರು ಎಲ್ಲರಲ್ಲೂ ಇದ್ದಾರೆ. ಸಮುದಾಯ ಎಂದರೇನು ಎಂಬುದರ ಮೇಲೆ ಪುಸ್ತಕ ಬರೆದ ತತ್ವಜ್ಞಾನಿಯೊಬ್ಬರ ಹೆಸರೂ ರೊಬೆರ್ತೊ ಎಸ್ಪೊಸಿತೊ. ಅವರಲ್ಲಿ ಮನೆ ಬಾಡಿಗೆಗೆ ಕೇಳಲು ಹೋದವರನ್ನು ‘ನಿಮ್ಮ ಮುತ್ತಜ್ಜ ತೊಟ್ಟಿಲಿನವನೇನು?’ ಎಂದು ಯಾರೂ ಕೇಳುವುದಿಲ್ಲ.

ಈಗ ನಮ್ಮ ಶಾಲೆಗಳ ಹಾಜರಿ ಪುಸ್ತಕಕ್ಕೆ ಬನ್ನಿ. ಧಾರವಾಡ, ಗದಗ ಸೀಮೆಯಲ್ಲಿ ‘ಹರಿಜನ’ ಎಂಬುದೇ ಅಡ್ಡಹೆಸರಾಗಿರುವ ಮಕ್ಕಳಿದ್ದಾರೆ. ಮನೆಯವರು ಇಟ್ಟದ್ದಲ್ಲ. ಮೂರನೆಯ ಕೋಣೆ ಖಾಲಿ ಬಿಡಬಾರದೆಂದು ದಫ್ತರ ಬರೆದ ಕೈ ತುಂಬಿಸಿದ್ದು. ಗಾಂಧೀಜಿ ಬಳಕೆಗೆ ತಂದ ಆ ಪದವನ್ನು ದಲಿತ ಚಳವಳಿ ಬಹಳ ಹಿಂದೆಯೇ ಬೇಡವೆಂದಿತು. ಜಾತಿ ಪ್ರಮಾಣಪತ್ರಗಳಲ್ಲಿ ಬಳಸಬೇಡಿ ಎಂದು ಕೇಂದ್ರ ಸರ್ಕಾರವೂ 1982ರಲ್ಲಿ ಹೇಳಿತು. ಆದರೆ ಅಜ್ಜನ ದಾಖಲೆಯಿಂದ ಅಪ್ಪನಿಗೆ, ಅಪ್ಪನ ದಾಖಲೆಯಿಂದ ಮಗಳಿಗೆ ಅದು ಇಳಿದು ಬರುತ್ತಲೇ ಇದೆ.

ಕಾಲ ಕಳೆದಂತೆ ಹೆಸರಿನ ಅರ್ಥ ಸವೆಯುತ್ತದೆ ಎಂದು ಸಮಾಧಾನ ಹೇಳುವವರಿದ್ದಾರೆ. ನನಗೆ ಒಪ್ಪಿಗೆಯಾಗದು. ಎಸ್ಪೊಸಿತೊದ ಅರ್ಥ ಮಲಗಿದ್ದು ಕಾಲದಿಂದ ಅಲ್ಲ, ಎಬ್ಬಿಸುವವರು ಇಲ್ಲದ್ದರಿಂದ. ಆ ಮಕ್ಕಳು ಯಾರನ್ನು ಮದುವೆಯಾದರು, ಯಾವ ಓಣಿಯಲ್ಲಿ ಮನೆ ಮಾಡಿದರು ಎಂಬುದಕ್ಕೆ ಹೆಸರು ಅಡ್ಡ ನಿಲ್ಲುವುದು ತಪ್ಪಿತು. ನಮ್ಮಲ್ಲಿ ಅರ್ಥ ಮಲಗಲು ಹೊರಟಾಗಲೆಲ್ಲ ಯಾರೋ ತಟ್ಟಿ ಎಬ್ಬಿಸುತ್ತಾರೆ. ವಧು-ವರರ ಬಯೋಡಾಟಾ ಎಬ್ಬಿಸುತ್ತದೆ, ಹಾಸ್ಟೆಲಿನ ಮೊದಲ ರಾತ್ರಿ ಎಬ್ಬಿಸುತ್ತದೆ, ಓಟಿನ ಲೆಕ್ಕ ಎಬ್ಬಿಸುತ್ತದೆ.

ಹಾಗಾದರೆ ಹೆಸರು ಬದಲಿಸಿಕೊಳ್ಳಲಿ ಎಂಬ ಸಲಹೆ ಸುಲಭ. ಅಫಿಡವಿಟ್, ಪತ್ರಿಕೆಯಲ್ಲಿ ಪ್ರಕಟಣೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ತಿದ್ದುಪಡಿ, ಪ್ರತಿ ಸಂದರ್ಶನದಲ್ಲೂ ‘ಈ ಎರಡು ಹೆಸರು ಒಬ್ಬರದೇನು?’ ಎಂಬ ವಿಚಾರಣೆ, ಇವುಗಳ ಖರ್ಚು ಸಲಹೆ ಕೊಟ್ಟವರು ಕೊಡುವುದಿಲ್ಲ. ಬದಲಿಸಿಕೊಂಡವರನ್ನು ನಾನು ತಪ್ಪು ಎನ್ನಲಾರೆ. ಬಿಸಿಲಿಗೆ ಕೊಡೆ ಹಿಡಿದವನಿಗೆ ‘ಧೈರ್ಯವಿಲ್ಲ’ ಎನ್ನುವುದು ಎಂಥ ನ್ಯಾಯ? ಆದರೆ ಬದಲಿಸಿಕೊಳ್ಳುವುದನ್ನು ಪರಿಹಾರವೆಂದು ಕರೆದರೆ ಮಾದರ ಎಂಬವರು ಮಾತ್ರ ಬದಲಾಗಬೇಕು, ಪಾಟೀಲ, ದೇಸಾಯಿ, ಹಿರೇಮಠ ಎಂಬವರು ಇದ್ದಲ್ಲೇ ಇರಬಹುದು ಎಂದಾಗುತ್ತದೆ. ಗಾಯವಾದವನೇ ಕ್ಷಮೆ ಕೇಳಿದ ಹಾಗೆ.

ಎಲ್ಲರೂ ಅಡ್ಡಹೆಸರು ಬಿಟ್ಟರಾಯಿತು ಎಂಬ ಮಾತು ಕೇಳಲು ಚೆನ್ನ. ಆಗ ಉಳ್ಳಾಗಡ್ಡಿಯವರ ಅಜ್ಜನ ವ್ಯಾಪಾರವೂ ಕುರ್ತಕೋಟಿಯವರ ಹಳ್ಳಿಯೂ ಹೋಗುತ್ತವೆ. ನನಗೆ ಅದು ನಷ್ಟವೇ. ಮೇಲಾಗಿ 12ನೇ ಶತಮಾನದಲ್ಲಿ ಕಸುಬಿನ ಹೆಸರನ್ನು ಬಚ್ಚಿಡದೆ ಮುಂದೆ ಇಟ್ಟುಕೊಂಡವರ ನೆನಪೂ ನಮಗಿದೆ: ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮಡಿವಾಳ ಮಾಚಯ್ಯ. ಅಂಬಿಗರ ಚೌಡಯ್ಯನಂತೂ ದೇವರ ಹೆಸರಿನ ಬದಲು ತನ್ನ ಹೆಸರನ್ನೇ ವಚನದ ಅಂಕಿತ ಮಾಡಿಕೊಂಡ. ದೋಣಿ ನಡೆಸುವವನ ಹೆಸರು ಅಲ್ಲಿ ರುಜುವಾಯಿತು. ನಮ್ಮ ಕಾಲದಲ್ಲಿ ಚಂದ್ರಶೇಖರ ಕಂಬಾರರು ಕುಲುಮೆಯ ಹೆಸರನ್ನು ಜ್ಞಾನಪೀಠದವರೆಗೆ ಒಯ್ದರು. ತಾನೇ ಬರೆದುಕೊಂಡ ಹೆಸರಿಗೂ ಬೇರೆಯವರು ಬರೆದು ಕೊಟ್ಟ ಹೆಸರಿಗೂ ಇರುವ ದೂರ ಇದು. ಶಬ್ದ ಒಂದೇ ಇರಬಹುದು. ಹಾಗೆಂದು ಎಂಟನೆಯ ಇಯತ್ತೆಯ ಹುಡುಗಿಯೊಬ್ಬಳಿಗೆ ‘ನೀನೂ ಚೌಡಯ್ಯನ ಹಾಗೆ ಎದೆ ಎತ್ತಿ ಹೇಳು’ ಎನ್ನುವ ಅಧಿಕಾರ ನಮಗಿಲ್ಲ. ಕೇಳುವುದನ್ನು ನಿಲ್ಲಿಸುವ ಅಧಿಕಾರ ಮಾತ್ರ ನಮ್ಮ ಕೈಯಲ್ಲಿದೆ. ಅದಕ್ಕೆ ಅಫಿಡವಿಟ್ಟೂ ಬೇಡ.

ಶಿರಹಟ್ಟಿಯಲ್ಲಿ ಫಕೀರೇಶ್ವರ ಮಠವಿದೆ. ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುವ ಗದ್ದುಗೆ ಅದು. ಸುತ್ತಲಿನ ಹಳ್ಳಿಗಳಲ್ಲಿ ಹಿಂದೂ ಮನೆಗಳ ಮಕ್ಕಳಿಗೆ ಫಕೀರಪ್ಪ, ಫಕೀರವ್ವ, ಫಕೀರಗೌಡ ಎಂದು ಹೆಸರಿಡುತ್ತಾರೆ. ಬೆಂಗಳೂರಿನ ಗುಮಾಸ್ತರು ಇಂಥ ಹೆಸರು ನೋಡಿ ಧರ್ಮದ ಕಾಲಮ್ಮಿನ ಮುಂದೆ ಪೆನ್ನು ಹಿಡಿದು ಕೂರುವುದುಂಟು. ಶಿರಹಟ್ಟಿಯವರಿಗೆ ಅದರಲ್ಲಿ ಗೊಂದಲವೇ ಕಾಣುವುದಿಲ್ಲ. ಒಂದು ಹೆಸರನ್ನು ಹಗುರ ಮಾಡುವುದು ಅವರಿಗೆ ಗೊತ್ತಿದೆ. ಆದರೂ ಫಕೀರಪ್ಪ ಎಂದು ಹೇಳಿ ಮುಗಿಸಿದವನಿಗೆ ‘ಮುಂದೇನ್ರಿ?’ ಎಂದು ಕೇಳುವುದು ಅಲ್ಲಿಯೂ ಇನ್ನೂ ನಿಂತಿಲ್ಲ.