ವಿಹಾರವೂ ಪ್ರಮಾದಚರ್ಯೆಯೂ

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಭೇದಗಳನ್ನು ನಿರೂಪಿಸುವಾಗ ಪ್ರಮಾದಚರ್ಯೆಯನ್ನೂ ಎಣಿಸಿದ್ದಾರೆ. ನಿಷ್ಪ್ರಯೋಜನವಾಗಿ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿಯನ್ನು ಉರಿಸುವುದು, ಗಿಡಗಳನ್ನು ಕಡಿಯುವುದು ಇವುಗಳೊಡನೆ ನಿಷ್ಕಾರಣವಾಗಿ ತಿರುಗಾಡುವುದೂ ಇತರರನ್ನು ತಿರುಗಾಡಿಸುವುದೂ ಅದರಲ್ಲಿ ಸೇರಿವೆ. ಹಾಗಾದರೆ ಕೇವಲ ಸಂತೋಷಕ್ಕಾಗಿ ಕೈಗೊಳ್ಳುವ ಪ್ರಯಾಣವು ಶ್ರಾವಕನಿಗೆ ಸಲ್ಲುವುದೇ? ರಜೆ ಬಂದೊಡನೆ ಊರೂರಿಗೆ ಹೊರಡುವ ನಮ್ಮ ಕುಟುಂಬಗಳು ಈ ಪ್ರಶ್ನೆಯನ್ನು ಕೇಳಿಕೊಳ್ಳಲೇಬೇಕು. ಇದರ ಪರೀಕ್ಷೆಗೆ ಅತ್ಯಂತ ಸೌಮ್ಯವೆನಿಸುವ ಒಂದು ಪ್ರಯಾಣವನ್ನೇ ತೆಗೆದುಕೊಳ್ಳೋಣ.

ಇಂಗ್ಲೆಂಡಿನ ಕಾಲುವೆಗಳು ಹದಿನೆಂಟನೆಯ ಶತಮಾನದಲ್ಲಿ ಕಲ್ಲಿದ್ದಲು ಮೊದಲಾದ ಸರಕಿನ ಸಾಗಣೆಗಾಗಿ ತೋಡಿದವು. 1761ರಲ್ಲಿ ಬ್ರಿಜ್‌ವಾಟರ್ ಕಾಲುವೆ ತೆರೆಯಿತು. ಅಂದು ದಡದ ಮೇಲೆ ನಡೆಯುವ ಕುದುರೆಯೇ ದೋಣಿಯನ್ನು ಎಳೆಯುತ್ತಿತ್ತು. ಏಳು ಅಡಿ ಅಗಲಕ್ಕಿಂತ ಕಿರಿದಾಗಿ, ಎಪ್ಪತ್ತು ಅಡಿಯವರೆಗೂ ಉದ್ದವಾಗಿರುವ ಈ ‘ನ್ಯಾರೋಬೋಟು’ಗಳು ಇಂದು ಹೆಚ್ಚಾಗಿ ವಿಹಾರಕ್ಕೂ ವಾಸಕ್ಕೂ ಬಳಕೆಯಾಗುತ್ತಿವೆ. 1988ರಲ್ಲಿ ಜಿನಾಲಯದ ಪ್ರತಿಷ್ಠೆ ನಡೆದ ಲೀಸೆಸ್ಟರ್ ನಗರದ ಮೂಲಕವೂ ಇಂಥದೊಂದು ಜಲಮಾರ್ಗ ಹಾದುಹೋಗುವುದರಿಂದ ಅಲ್ಲಿನ ಜೈನ ಬಾಂಧವರಿಗೆ ಇದು ಮನೆಬಾಗಿಲಿನ ಸಂಗತಿ.

ವಸಂತವು ಅಲ್ಲಿ ದೋಣಿವಿಹಾರ ಆರಂಭವಾಗುವ ಕಾಲ. ಹಂಸಗಳೂ ನೀರುಕೋಳಿಗಳೂ ಬಾತುಗಳೂ ಮೊಟ್ಟೆಯಿಟ್ಟು ಮರಿಮಾಡುವ ಕಾಲವೂ ಅದೇ. ನೀರುಕೋಳಿಯ ಗೂಡು ಜೊಂಡಿನ ನಡುವೆ ನೀರಿನ ಮಟ್ಟಕ್ಕೆ ಅಂಟಿಕೊಂಡಂತಿರುತ್ತದೆ. ಕಾಲುವೆಗಳಲ್ಲಿ ಸಾಮಾನ್ಯ ವೇಗಮಿತಿ ಗಂಟೆಗೆ 4 ಮೈಲಿ, ಎಂದರೆ ಸುಮಾರು 6.4 ಕಿಲೋಮೀಟರ್. ಚುರುಕಾಗಿ ನಡೆಯುವ ಮನುಷ್ಯನ ವೇಗವಿದು. ಆದರೂ ದೋಣಿಯು ಎಬ್ಬಿಸಿದ ಅಲೆ ದಡಕ್ಕೆ ಬಡಿದು ಗೂಡನ್ನು ಮುಳುಗಿಸಬಲ್ಲದು, ದಡದ ಮಣ್ಣನ್ನು ಕೊರೆಯಬಲ್ಲದು. ಆದುದರಿಂದ ದೋಣಿ ನಡೆಸುವವರಿಗೆ ಇನ್ನೊಂದು ಸೂಚನೆಯುಂಟು: ಅಲೆ ದಡದಲ್ಲಿ ಒಡೆಯುತ್ತಿದ್ದರೆ, ಮಿತಿಯೊಳಗೇ ಇದ್ದರೂ ವೇಗವನ್ನು ಇಳಿಸಬೇಕು.

ಇಲ್ಲಿಯೇ ನಮಗೆ ಬೇಕಾದ ವಿವೇಕವಿದೆ. ಕಾನೂನು ವೇಗವನ್ನು ಅಳೆಯುತ್ತದೆ; ವ್ರತವು ಪರಿಣಾಮವನ್ನು ಅಳೆಯುತ್ತದೆ. ವೇಗದ ಲಾಭ ನಮ್ಮದು, ಅದರ ಅಲೆಯನ್ನು ತಾಳುವ ಜೀವ ಬೇರೆಯದು. ಆ ಜೀವಕ್ಕೆ ನೋವಾಗುವ ಹೊತ್ತಿಗೆ ನಾವು ಮುಂದೆ ಸಾಗಿರುತ್ತೇವೆ. ‘ನಾನು ಕೊಲ್ಲಬೇಕೆಂದು ಬಯಸಲಿಲ್ಲ’ ಎಂಬ ಸಮಾಧಾನ ಇಲ್ಲಿ ಸಾಲದು. ಪ್ರಮಾದಯೋಗದಿಂದಾಗುವ ಪ್ರಾಣಘಾತವೇ ಹಿಂಸೆಯೆಂದು ತತ್ತ್ವಾರ್ಥಸೂತ್ರವು ಲಕ್ಷಣ ಹೇಳುತ್ತದೆ. ಹಿಂತಿರುಗಿ ನೋಡದಿರುವುದೂ ಪ್ರಮಾದವೇ.

ಮೆಲ್ಲನೆ ಸಾಗಿದ ಮಾತ್ರಕ್ಕೆ ಪ್ರಯಾಣ ನಿರ್ದೋಷವಾಗುವುದೇ ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪ ಯುಕ್ತವಾದುದು. ಇಂದಿನ ದೋಣಿಗಳಲ್ಲಿ ಬಹುಪಾಲು ಡೀಸೆಲ್‌ನಿಂದ ನಡೆಯುತ್ತವೆ. ಎತ್ತರ ತಗ್ಗುಗಳನ್ನು ದಾಟಿಸುವ ‘ಲಾಕ್’ ಎಂಬ ಬಾಗಿಲುಳ್ಳ ಜಲಕೋಷ್ಠವನ್ನು ಒಮ್ಮೆ ತುಂಬಿ ಬರಿದುಮಾಡಿದರೆ ಲಕ್ಷ ಲೀಟರಿಗೂ ಹೆಚ್ಚು ನೀರು ಕೆಳಕ್ಕೆ ಹರಿದುಹೋಗುತ್ತದೆ. ಜಲಕಾಯ ಜೀವಗಳನ್ನು ನಂಬುವ ನಾವು ಇದನ್ನು ಅಲ್ಪವೆನ್ನಲಾರೆವು. ಎದುರಿನಿಂದ ಬರುವ ದೋಣಿಗಾಗಿ ಕಾದು ಅದೇ ನೀರಿನಲ್ಲಿ ದಾಟುವುದು, ಅಗಲವಾದ ಲಾಕ್‌ನಲ್ಲಿ ಎರಡು ದೋಣಿಗಳು ಜೊತೆಯಾಗಿ ಹೋಗುವುದು ಅಲ್ಲಿನ ಒಳ್ಳೆಯ ರೂಢಿ. ಇದರಿಂದ ದೋಷವು ತಗ್ಗುತ್ತದೆ, ಇಲ್ಲವಾಗುವುದಿಲ್ಲ. ಎಚ್ಚರಿಕೆಯು ಹೊಸ ಭೋಗಕ್ಕೆ ಪರವಾನಗಿಯಾಗಬಾರದು.

ಗೃಹಸ್ಥನದು ಮಹಾವ್ರತವಲ್ಲ, ಅಣುವ್ರತ. ಅವನಿಗೆ ಸಂತೋಷವು ನಿಷಿದ್ಧವಲ್ಲ. ಮಿತಿಯಿಲ್ಲದ ಸಂತೋಷ ಮಾತ್ರ ನಿಷಿದ್ಧ. ದಿಗ್ವ್ರತ, ದೇಶವ್ರತಗಳು ಬೋಧಿಸುವುದು ಈ ಮಿತಿಯನ್ನೇ. ಇಡೀ ದಿನ ಸಾಗಿದರೂ ಕೆಲವೇ ಊರುಗಳನ್ನು ದಾಟುವ ದೋಣಿಯು ತಾನಾಗಿಯೇ ಕ್ಷೇತ್ರವನ್ನು ಕಿರಿದಾಗಿಸುತ್ತದೆ. ಆ ಬಿಡುವಿನಲ್ಲಿ ಮನಸ್ಸು ಶಾಂತವಾಗಿ, ಮಕ್ಕಳು ಒಂದು ಗೂಡನ್ನು ಕಂಡು ತಾವೇ ‘ಮೆಲ್ಲಗೆ’ ಎನ್ನುವಂತಾದರೆ ಅದು ನಿಷ್ಪ್ರಯೋಜನವಾದ ತಿರುಗಾಟವಲ್ಲ. ಅದೇ ದೋಣಿಯಲ್ಲಿ ಕುಳಿತು ಗಡಿಬಿಡಿಯಿಂದ ನುಗ್ಗಿದರೆ ಅದು ಪ್ರಮಾದಚರ್ಯೆಯೇ ಸರಿ.

ಮುನಿಗಳು ನಾಲ್ಕು ಮೊಳ ನೆಲವನ್ನು ನೋಡಿ ಹೆಜ್ಜೆಯಿಡುತ್ತಾರೆ, ಅದು ಈರ್ಯಾಸಮಿತಿ. ಆದ ದೋಷವನ್ನು ಹಿಂತಿರುಗಿ ನೋಡಿ ನಿಂದಿಸಿಕೊಳ್ಳುತ್ತಾರೆ, ಅದು ಪ್ರತಿಕ್ರಮಣ. ಪ್ರಯಾಣಕ್ಕೆ ಈ ಎರಡು ದೃಷ್ಟಿಗಳೂ ಬೇಕು. ತೀರ್ಥಯಾತ್ರೆಗೆ ಬಸ್ಸುಗಳನ್ನು ಹೊರಡಿಸುವ ನಮ್ಮ ಬಸದಿಗಳ ಆಡಳಿತ ಮಂಡಳಿಗಳು ಎಷ್ಟು ಜನ ಹೋದರು, ಎಷ್ಟು ಕ್ಷೇತ್ರಗಳನ್ನು ಕಂಡರು ಎಂದು ವರದಿ ಬರೆಯುತ್ತವೆ. ನಾವು ಹೋದ ಮೇಲೆ ಆ ಊರಿನ ಕೆರೆ, ಬೀದಿ, ಬೆಟ್ಟಗಳು ಹೇಗೆ ಉಳಿದವು ಎಂಬ ಒಂದು ಸಾಲೂ ಆ ವರದಿಯಲ್ಲಿ ಇರಲಿ.