ಮನೆ ಬಿಟ್ಟು ಮನೆಗೆ ಹೋದವನ ಮರಣಶಾಸನ

ಯೆರೆಮೀಯನ ಗ್ರಂಥದ 32ನೆಯ ಅಧ್ಯಾಯದಲ್ಲಿ ಒಂದು ಹೊಲದ ಕ್ರಯದ ಸಂಗತಿಯುಂಟು. ಬಾಬೆಲಿನ ದಂಡು ಯೆರೂಸಲೇಮನ್ನು ಮುತ್ತಿಕೊಂಡಿತ್ತು, ಪ್ರವಾದಿಯು ಸೆರೆಯಲ್ಲಿದ್ದನು. ಅಂಥ ಕಾಲದಲ್ಲಿ ಅವನು ತನ್ನ ತಂದೆಯ ಸಹೋದರನ ಮಗನಾದ ಹನಮೇಲನಿಂದ ಅನಾತೋತಿನ ಹೊಲವನ್ನು 17 ಶೇಕೆಲು ಬೆಳ್ಳಿಗೆ ಕೊಂಡುಕೊಂಡನು. ಪತ್ರವನ್ನು ಬರೆದು ಮುದ್ರೆ ಹಾಕಿದನು, ಸಾಕ್ಷಿಗಳನ್ನು ಕರೆದನು, ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿದನು; ಆಮೇಲೆ ಆ ಪತ್ರಗಳನ್ನು ಬಹು ದಿನ ಉಳಿಯುವ ಹಾಗೆ ಮಣ್ಣಿನ ಪಾತ್ರೆಯಲ್ಲಿ ಇಡಬೇಕೆಂದು ಬಾರೂಕನಿಗೆ ಅಪ್ಪಣೆಕೊಟ್ಟನು. ದೇವಭಕ್ತನಾದವನು ಕಾಗದಪತ್ರಗಳ ಗೊಡವೆಗೆ ಹೋಗಬಾರದೆಂದು ನೆನಸುವವರು ನಮ್ಮ ಸಭೆಗಳಲ್ಲಿ ಇದ್ದಾರೆ. ಅವರು ಈ ಅಧ್ಯಾಯವನ್ನು ಇನ್ನೊಮ್ಮೆ ಓದಲಿ.

ನಾನು ಹೇಳಬೇಕಾದದ್ದು ಮರಣಶಾಸನದ ವಿಷಯ. ಕೆಲವು ಸೀಮೆಗಳಲ್ಲಿ ಇದನ್ನು ಮೃತ್ಯುಪತ್ರವೆಂತಲೂ ಕೆಲವು ಕಡೆ ಉಯಿಲೆಂತಲೂ ಅನ್ನುತ್ತಾರೆ. ಅದನ್ನು ಬರೆಯದವರಿಗೆ ಬುದ್ಧಿ ಹೇಳುವವರು ಅನೇಕರುಂಟು. ಒಂದು ಸಾರಿ ಬರೆದು ನಿಶ್ಚಿಂತರಾಗಿ, ಅನಂತರ ಮನೆ ಬದಲಾಯಿಸಿದವರಿಗೆ ಹೇಳುವವರು ವಿರಳ.

ಒಬ್ಬ ಹಿರಿಯನು ಇದ್ದಾನೆಂದು ಇಟ್ಟುಕೊಳ್ಳಿರಿ. ಅವನಿಗೆ ಒಬ್ಬ ಮಗನು, ಒಬ್ಬ ಮಗಳು. ಹೆಂಡತಿಯು ಕರ್ತನಲ್ಲಿ ನಿದ್ರೆಹೋಗಿದ್ದಾಳೆ. ಅವನು ಸುಖದಿಂದಿರುವಾಗಲೇ ಮರಣಶಾಸನವನ್ನು ಬರೆಯಿಸಿದನು: ಹೊಲವು ಮಗನಿಗೆ, ಚಕ್ಕುಬಂದಿ ಸಹಿತವಾಗಿ ಹೇಳಿದ ಹಂಚಿನ ಮನೆಯು ಮಗಳಿಗೆ. ಒಳ್ಳೇ ನ್ಯಾಯ. ಐದಾರು ವರುಷಗಳಾದ ಮೇಲೆ ಗೋಡೆಗಳು ಹಳೆಯದಾದವು. ಅವನು ಆ ಮನೆಯನ್ನು ಮಾರಿ, ಅದೇ ಹಣದಿಂದ ರಸ್ತೆಯ ಹತ್ತಿರ ಬೇರೆ ಮನೆಯನ್ನು ಕೊಂಡು ಮಗಳ ಕೈಯ ಊಟ ಉಂಡು ಅಲ್ಲಿಯೇ ತೀರಿಹೋದನು. ಹೊಸ ಮನೆಯು ಹಳೆಯದರ ಬದಲಿಗೆ ಬಂದದ್ದೆಂದು ಅವನೂ ತಿಳಿದಿದ್ದನು, ಮಗಳೂ ತಿಳಿದಿದ್ದಳು. ಕಾಯಿದೆ ಹಾಗೆ ತಿಳಿಯುವದಿಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ 152ನೆಯ ಪ್ರಕರಣದ ಪ್ರಕಾರ, ಹೆಸರಿಟ್ಟು ಕೊಟ್ಟ ವಸ್ತುವು ಬರೆದವನ ಮರಣಕಾಲದಲ್ಲಿ ಅವನದಾಗಿರದಿದ್ದರೆ ಆ ದಾನವು ಬಿದ್ದುಹೋಗುತ್ತದೆ. ಹೊಸ ಮನೆಯನ್ನು ಕುರಿತು ಶಾಸನದಲ್ಲಿ ಒಂದು ಮಾತೂ ಇಲ್ಲವಾದ್ದರಿಂದ ಅದು ಮಕ್ಕಳಿಬ್ಬರಿಗೆ ಸಮಪಾಲಾಗುತ್ತದೆ. ಮಗನಿಗೆ ಹೊಲವೆಲ್ಲಾ, ಮೇಲೆ ಅರ್ಧ ಮನೆ. ತಂದೆಯನ್ನು ಕಡೇ ವರೆಗೂ ನೋಡಿಕೊಂಡ ಮಗಳಿಗೆ ಅರ್ಧ ಮನೆ ಮಾತ್ರ. ಅವಳು ಅಣ್ಣನ ಪಾಲನ್ನು ಕೊಳ್ಳಲಾರಳು; ಅವನು ಮಾರೋಣ ಅನ್ನುತ್ತಾನೆ. ಇಲ್ಲಿ ಸುಳ್ಳು ಹೇಳಿದವರು ಯಾರೂ ಇಲ್ಲ, ಕಳ್ಳಪತ್ರ ಮಾಡಿದವರೂ ಇಲ್ಲ. ಅಪ್ಪನು ಒಂದು ಕಾಗದವನ್ನು ಮರೆತನು, ಅಷ್ಟೇ. ಆದರೂ ಮುಂದಿನ ಕರ್ತನ ಭೋಜನದಲ್ಲಿ ಅಣ್ಣತಂಗಿಯರು ಒಂದೇ ಸಾಲಿನಲ್ಲಿ ಕೂತುಕೊಳ್ಳುವರೋ?

ಅಣ್ಣನು ಧರ್ಮಿಷ್ಠನಾಗಿದ್ದರೆ ಬಿಟ್ಟುಕೊಟ್ಟಾನೆಂದು ನೀವು ಹೇಳುವಿರಿ. ಕೊಟ್ಟಾನು. ಆದರೆ ತನ್ನ ಮಗನ ಧರ್ಮವನ್ನು ಇಂಥ ಶೋಧನೆಗೆ ಒಡ್ಡುವ ಹಕ್ಕು ತಂದೆಗೆ ಇದೆಯೋ ಎಂದು ನಾನು ಕೇಳುತ್ತೇನೆ.

ಸ್ವಂತ ಮನಸ್ಸಿನಿಂದಲ್ಲದೆ ಬಲವಂತದಿಂದ ಮನೆ ಬಿಟ್ಟವರೂ ಇದ್ದಾರೆ. ಆಲಮಟ್ಟಿಯ ಹಿನ್ನೀರಿನ ನಿಮಿತ್ತ ಹಳೇ ಬಾಗಲಕೋಟೆಯಿಂದ ನವನಗರಕ್ಕೆ ಎಷ್ಟು ಕುಟುಂಬಗಳು ಹೋಗಲಿಲ್ಲ! ಹಳೇ ಓಣಿಯ ಚಕ್ಕುಬಂದಿ ಬರೆದ ಕಾಗದವು ಹೊಸ ನಿವೇಶನಕ್ಕೆ ಹೇಗೆ ಹೊಂದುವದು? ಕಾಯಿದೆಯ ಬಲದಿಂದಲೇ ವಸ್ತುವು ಮಾರ್ಪಟ್ಟರೆ ಬೇರೆ ನ್ಯಾಯವುಂಟೆಂದು ವಕೀಲರು ವಾದಿಸಬಹುದು. ವಕೀಲರ ವಾದಕ್ಕೆ ಹಣ ಬೇಕು; ಹೊಸ ಶಾಸನಕ್ಕೆ ಒಂದು ಬಿಳೀ ಕಾಗದ, ಇಬ್ಬರು ಸಾಕ್ಷಿಗಳು ಸಾಕು. ಛಾಪಾ ಕಾಗದವೂ ಬೇಕಾಗಿಲ್ಲ.

ಆ ಸಾಕ್ಷಿಗಳು ಎಂಥವರಾಗಿರಬೇಕು? ನೀವು ರುಜುವನ್ನಾಗಲಿ ಹೆಬ್ಬೆಟ್ಟನ್ನಾಗಲಿ ಹಾಕುವದನ್ನು ಅವರು ಕಣ್ಣಾರೆ ಕಂಡು, ನಿಮ್ಮೆದುರಿನಲ್ಲಿಯೇ ರುಜು ಮಾಡತಕ್ಕದ್ದು. ಶಾಸನದಲ್ಲಿ ಪಾಲುಳ್ಳವನು ಸಾಕ್ಷಿ ಹಾಕಬಾರದು, ಅವನ ಹೆಂಡತಿಯೂ ಹಾಕಬಾರದು. ಹಾಕಿದರೆ ಶಾಸನವು ನಿಲ್ಲುವದು, ಅವನ ಪಾಲು ಹೋಗುವದು. ಅಳಿಯನೇ ಹತ್ತಿರದಲ್ಲಿದ್ದಾನೆಂದು ಅವನ ಕೈಯಿಂದ ರುಜು ಹಾಕಿಸಿ ಮಗಳ ಪಾಲನ್ನು ನೀವೇ ಕೆಡಿಸಬೇಡಿರಿ. ಇನ್ನೊಂದು ಮಾತು. ವ್ಯಾಜ್ಯವಾದರೆ ಬದುಕಿರುವ ಸಾಕ್ಷಿಯೊಬ್ಬನಾದರೂ ನ್ಯಾಯಸ್ಥಾನಕ್ಕೆ ಬಂದು ಹೇಳಬೇಕಾಗುತ್ತದೆ. ನೀವು ಇಪ್ಪತ್ತು ಹರದಾರಿ ದೂರದ ಊರಿಗೆ ಹೋಗಿರಲಾಗಿ ಹಳೇ ಊರಿನ ಮುದುಕರಿಬ್ಬರು ಸಾಕ್ಷಿಗಳಾಗಿದ್ದರೆ ಅವರನ್ನು ಯಾರು ಹುಡುಕಿ ತರುವರು? ಹೊಸ ಊರಿನಲ್ಲಿ ನಿಮಗಿಂತ ಚಿಕ್ಕವರನ್ನು ಆರಿಸಿಕೊಳ್ಳಿರಿ.

ಹಳೇ ಕಾಗದದಲ್ಲಿ ಮನೆಯ ನಂಬರನ್ನು ಹೊಡೆದು ಹೊಸ ನಂಬರನ್ನು ಬರೆದರೆ ಆಗದೋ ಎಂದು ಅನೇಕರು ಕೇಳುತ್ತಾರೆ. ಆಗದು. ಆ ತಿದ್ದುಪಡಿಯ ಬಳಿಯಲ್ಲಿ ನಿಮ್ಮ ರುಜುವೂ ಸಾಕ್ಷಿಗಳ ರುಜುವೂ ಇಲ್ಲದಿದ್ದರೆ ಅದು ಬರೀ ಮಸಿ. ಎಲ್ಲವನ್ನೂ ಹೊಸದಾಗಿ ಬರೆದು, ಹಿಂದಿನದನ್ನು ರದ್ದುಮಾಡಿದ್ದೇನೆಂದು ಮೊದಲಲ್ಲಿಯೇ ಹೇಳುವದು ಉತ್ತಮ. ಸರ್ವೆ ನಂಬರು, ಖಾತೆಗಳನ್ನು ಬರೆಯಿರಿ. ಅದರ ಜೊತೆಗೆ, ನನ್ನ ಮರಣಕಾಲದಲ್ಲಿ ನಾನು ಸ್ವಂತವಾಗಿ ವಾಸಿಸುವ ಮನೆಯು ಯಾವದಾಗಿದ್ದರೂ ಇಂಥವಳಿಗೆ ಎಂದೂ, ಇಲ್ಲಿ ಹೇಳದೆ ಉಳಿದದ್ದೆಲ್ಲಾ ಇಂಥವರಿಗೆ ಎಂದೂ ಸೇರಿಸಿರಿ. ಆಗ ಇನ್ನೊಮ್ಮೆ ಮನೆ ಬದಲಾದರೂ ಶಾಸನವು ನಿಮ್ಮ ಹಿಂದೆಯೇ ಬರುವದು. ಹೆಂಡತಿ ತೀರಿದವನು ಮರುಮದುವೆಯಾದರೆ ಮಾತ್ರ ಕ್ರೈಸ್ತರಿಗೆ ಹಿಂದಿನ ಶಾಸನವೇ ರದ್ದಾಗುತ್ತದೆ. ಇದನ್ನು ತಿಳಿಯದವರು ಬಹಳ.

ಸಭೆಗೆ ಏನಾದರೂ ಬರೆದಿಡುವವರಿಗೆ ಒಂದು ಮಾತು. ಹತ್ತಿರದ ಬಂಧುಗಳಿರುವ ಕ್ರೈಸ್ತನು ಧರ್ಮಕಾರ್ಯಕ್ಕೆ ಕೊಡಬೇಕಾದರೆ ಸಾಯುವದಕ್ಕೆ 12 ತಿಂಗಳ ಮುಂಚೆ ಬರೆದಿರಬೇಕೆಂಬ ನಿಬಂಧನೆಯು ಮುಂಚೆ ಇತ್ತು. 2003ರಲ್ಲಿ ಸುಪ್ರೀಂ ಕೋರ್ಟು ಅದನ್ನು ತೆಗೆದುಹಾಕಿತು. ಆದಕಾರಣ ಕೊಡಬಹುದು. ಆದರೆ ಮಗಳ ತಲೆಯ ಮೇಲಿನ ಸೂರನ್ನು ದೇವಾಲಯದ ಗಂಟೆಗೋಸ್ಕರ ಕೊಡಬೇಡಿರೆಂದು, ಬೋಧಕನಾದ ನಾನೇ ಹೇಳುತ್ತೇನೆ.

ಇದನ್ನು ಬರೆದರೆ ಸಾವು ಬೇಗ ಬರುವದೆಂಬ ಭಯವು ನಮ್ಮ ಮುದುಕರನ್ನು ಇನ್ನೂ ಬಿಟ್ಟಿಲ್ಲ. ಮನೆಯ ವ್ಯವಸ್ಥೆ ಮಾಡಬೇಕೆಂಬ ಮಾತು ಅರಸನಾದ ಹಿಜ್ಕೀಯನಿಗೆ ಬಂದ ಮೇಲೆ ಅವನಿಗೆ ಇನ್ನೂ 15 ವರುಷಗಳ ಆಯುಸ್ಸು ಕೊಡಲ್ಪಟ್ಟಿತಲ್ಲವೇ?

ಕಾಗದವನ್ನು ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಗೆದ್ದಲಿಗೆ ಬಿಡಬೇಡಿರಿ. ನೋಂದಣಿಯು ಕಡ್ಡಾಯವಲ್ಲದಿದ್ದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬಹುದು. ಜಿಲ್ಲಾ ರಿಜಿಸ್ಟ್ರಾರರ ಬಳಿಯಲ್ಲಿ ಮುದ್ರೆ ಹಾಕಿದ ಲಕೋಟೆಯಲ್ಲಿ ಇಡಲಿಕ್ಕೂ ಮಾರ್ಗವುಂಟು. ಅದು ಎಲ್ಲಿದೆಯೆಂದು ಮಕ್ಕಳಲ್ಲಿ ಒಬ್ಬರಿಗೆ ಮಾತ್ರ ಅಲ್ಲ, ಎಲ್ಲರಿಗೂ ಹೇಳಿರಿ. ಈ ವರುಷ ಮನೆ ಬದಲಾಯಿಸಿದವರು ಇದೇ ವಾರದಲ್ಲಿ ಹಳೇ ಕಾಗದವನ್ನು ಹೊರಗೆ ತೆಗೆಯಲಿ. ಓದು ಬಾರದವರು ಅದರಲ್ಲಿ ಪಾಲಿಲ್ಲದವನ ಕೈಯಿಂದ ಓದಿಸಿ ಕೇಳಲಿ. ಹರಿದುಹಾಕುವದು ಹೊಸದಕ್ಕೆ ರುಜು ಬಿದ್ದ ಮೇಲೆ, ಅದಕ್ಕಿಂತ ಮುಂಚೆ ಅಲ್ಲ.